ಹತ್ತು ನಿಮಿಷದಲ್ಲಿ ನೀರಿನ ಪಾಠ



ಪೋಸ್ಟ್ ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ. ಅಂಗನವಾಡಿ ಅಕ್ಕಂದಿರು, ಸಹಾಯಕಿಯರು ಖಂಡಿತ ಓದಿ. ನಿಮ್ಮಿಂದ ನನಗೊಂದು ಸಹಾಯ ಬೇಕು, ಕೊನೆಯಲ್ಲಿ ಹೇಳ್ತೀನಿ.

ಮುಂದಿನ ವಾರ ಬೆಂಗಳೂರಿನಲ್ಲಿ ಶಿಶು ಶಿಕ್ಷಣದ ಕೆಲಸ ಮಾಡುವವರ ಎರಡು ದಿನದ ಸಮಾವೇಶ ಇದೆ. ಮಾಂಟೆಸ್ಸರಿ ಶಾಲೆಯವರು, ಕಾಲೇಜು ಪ್ರೊಫೆಸರುಗಳು, ಎನ್‌ಜಿಓದವರು, ಇಲಾಖೆಯವರು ಎಲ್ಲಾ ಬರ್ತಾರೆ. ಅದರಲ್ಲಿ ತಳಮಟ್ಟದ ಅನುಭವ ಅಂತ ಒಂದು ಗೋಷ್ಠಿ. ಅಲ್ಲಿ ಹತ್ತು ನಿಮಿಷ ಮಾತಾಡೋಕೆ ಬೇತಮಂಗಲ ಹೋಬಳಿಯ ಒಂದು ಕಾಲೋನಿಯ ಅಂಗನವಾಡಿಯಿಂದ ನನ್ನನ್ನು ಕರೆದಿದ್ದಾರೆ. ಮೈಕ್ ನನಗೆ ಹೊಸದಲ್ಲ. ಡಿಸಿ ಆಫೀಸಿನ ಮುಂದೆ ಗಂಟಲು ಕಟ್ಟುವ ತನಕ ಘೋಷಣೆ ಕೂಗಿದ್ದೀನಿ. ಸಂಘದ ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡಿದ್ದೀನಿ. ಆದರೂ ಈ ಹತ್ತು ನಿಮಿಷಕ್ಕೆ ಹದಿನೈದು ದಿನದಿಂದ ತಯಾರಿ ನಡೀತಿದೆ.

ತಯಾರಿ ಅಂದ್ರೆ ಏನೇನು ಅಂತ ಕೇಳಿ. ಮೊದಲು ಮೇಲಿನವರ ಅನುಮತಿ. ಆಮೇಲೆ ಆ ಎರಡು ದಿನ ಸೆಂಟರ್ ಯಾರು ನೋಡ್ಕೋಬೇಕು ಅನ್ನೋದು. ನಮ್ಮ ಸಹಾಯಕಿ ಅಕ್ಕ, "ನೀನು ಹೋಗಮ್ಮಾ, ಮಕ್ಕಳನ್ನ ನಾನು ನೋಡ್ಕೋತೀನಿ, ಆ ಫೋನ್ ಮಾತ್ರ ನನ್ನ ಕೈಲಾಗಲ್ಲ" ಅಂದ್ಲು. ಫೋನ್ ಅಂದ್ರೆ ಪೋಷಣ್ ಟ್ರ್ಯಾಕರ್. 2021ರಲ್ಲಿ ಬಂದ ಈ ಆ್ಯಪ್‌ನಲ್ಲಿ ಮಕ್ಕಳ ಹಾಜರಿ, ತೂಕ, ಎತ್ತರ, ಊಟ ಎಲ್ಲಾ ತುಂಬಬೇಕು. ಅದಕ್ಕೆ ಪಕ್ಕದ ಸೆಂಟರಿನ ಟೀಚರ್‌ನ ಒಪ್ಪಿಸಿದ್ದಾಯ್ತು. ಪಿಪಿಟಿ ಮಾಡೋಕೆ ಅಕ್ಕನ ಮಗ ಸಿಕ್ಕಿದ. ಬೆಳಗ್ಗೆ ಬಂಗಾರಪೇಟೆಗೆ ಬಸ್ಸು, ಅಲ್ಲಿಂದ ರೈಲು. ಫ್ಯಾಕ್ಟರಿಗೆ, ಮನೆಗೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋಗೋ ನಮ್ಮ ಜನರ ಜೊತೆ ನಿಂತ್ಕೊಂಡೇ ಹೋಗಬೇಕು. ಇವೆಲ್ಲಾ ಸುಲಭದ ತಯಾರಿ.

ಮೊದಲ ಕಷ್ಟ ಅವರು ಕಳಿಸಿದ ಫಾರಂನಲ್ಲಿ ಬಂತು. 'ಹುದ್ದೆ' ಅಂತ ಒಂದು ಕಲಂ. ಏನಂತ ಬರೀಲಿ?

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್ ಯೋಜನೆ ಶುರುವಾಯ್ತು. ನಮ್ಮ ರಾಜ್ಯದಲ್ಲಿ ಶುರುವಾಗಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಅಲ್ಲಿಂದ ಇಲ್ಲಿಗೆ ಐವತ್ತು ವರ್ಷ ಆಯ್ತು. ಐವತ್ತು ವರ್ಷದಿಂದಲೂ ನಮಗೆ ಸಿಗೋದು ಸಂಬಳ ಅಲ್ಲ, ಗೌರವಧನ. ಕೇಂದ್ರ ಸರ್ಕಾರ ಲೆಕ್ಕ ಹಾಕೋ ಗೌರವಧನ 2018ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 4,500 ರೂಪಾಯಿ ಆಯ್ತು. ಅದರ ಮೇಲೆ ರಾಜ್ಯ ಸೇರಿಸಿದ್ದೆಲ್ಲಾ ಫ್ರೀಡಂ ಪಾರ್ಕಿನ ರಸ್ತೆಯಲ್ಲಿ ಹಗಲು ರಾತ್ರಿ ಕೂತು ಪಡ್ಕೊಂಡಿದ್ದು. 2006ರಲ್ಲಿ ಕರ್ನಾಟಕದ್ದೇ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆ ಅಲ್ಲ ಅಂತು. 2022ರ ಏಪ್ರಿಲ್ 25ರಂದು ಅದೇ ಸುಪ್ರೀಂ ಕೋರ್ಟ್ ಗುಜರಾತಿನ ಪ್ರಕರಣವೊಂದರಲ್ಲಿ, ನಮಗೂ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತೆ, ಗೌರವಧನ ಅಂತ ಕರೆದರೂ ಅದು ವೇತನವೇ ಅಂತು. ಹುದ್ದೆ ಇಲ್ಲ, ಆದರೆ ವೇತನ ಇದೆ. ಇದನ್ನ ಒಂದು ಕಲಂನಲ್ಲಿ ಹೆಂಗೆ ತುಂಬೋದು?

ನಾನು 'ಶಿಕ್ಷಕಿ' ಅಂತ ಬರೆದೆ. ನಮ್ಮ ಮಕ್ಕಳು ನನ್ನನ್ನು ಮಿಸ್ಸು ಅಂತಾರೆ. ಮೂರು ವರ್ಷದಿಂದ ಆರು ವರ್ಷದ ತನಕ ಅವರಿಗೆ ಪಾಠ ಮಾಡೋದು ನಾನೇ. ಬೇರೆ ಸಾಕ್ಷಿ ಬೇಕಿಲ್ಲ.

ಎರಡನೇ ಕಷ್ಟ ಫೋನ್‌ನಲ್ಲಿ ಬಂತು. ಸಂಘಟಕರ ಪೈಕಿ ಒಬ್ಬರು ಮಾಡಿದ್ರು. ಒಳ್ಳೆಯವರು, ಮರ್ಯಾದೆಯಿಂದಲೇ ಮಾತಾಡಿದ್ರು. "ಮೇಡಂ, ನೀವು ಸಂಘಟನೆಯಲ್ಲೂ ಇದ್ದೀರಂತೆ. ಇದು ಅಕಾಡೆಮಿಕ್ ವೇದಿಕೆ. ಜಾತಿ, ಹೋರಾಟ ಇವೆಲ್ಲಾ ಬೇಡ. ಕಡಿಮೆ ಖರ್ಚಿನ ಕಲಿಕಾ ಸಾಮಗ್ರಿ ಮಾಡಿದ್ದೀರಲ್ಲಾ, ಅದನ್ನೇ ತೋರಿಸಿ, ಎಲ್ಲರಿಗೂ ಇಷ್ಟ ಆಗುತ್ತೆ" ಅಂದ್ರು.

ಕಲಿಕಾ ಸಾಮಗ್ರಿ ನನ್ನ ಹತ್ರ ಇದೆ, ತೋರಿಸ್ತೀನಿ. ಎಣಿಸೋಕೆ ಹುಣಸೆ ಬೀಜ. ಬಣ್ಣ ಹಚ್ಚಿದ ತೂತು ರೇಷ್ಮೆಗೂಡು. ಟೊಮೆಟೊ ಬಾಕ್ಸಿನ ಪಟ್ಟಿಯಲ್ಲಿ ಮಾಡಿದ ಅಕ್ಷರಗಳು. ಕೋಲಾರ ಜಿಲ್ಲೆಯಲ್ಲಿ ಇವಕ್ಕೆ ಬರ ಇಲ್ಲ. ಆದರೆ ನನ್ನ ಸೆಂಟರಿನಲ್ಲಿ ಮಕ್ಕಳು ಕಲಿತ ದೊಡ್ಡ ಪಾಠ ನಡೆದಿದ್ದು ಕುಡಿಯೋ ನೀರಿನ ಕೊಡದ ಹತ್ರ. ಅದನ್ನ ಬಿಟ್ಟು ಹುಣಸೆ ಬೀಜ ಮಾತ್ರ ತೋರಿಸಿ ಬರೋದಾದ್ರೆ ನಾನ್ಯಾಕೆ ಹೋಗ್ಬೇಕು?

ನಡೆದಿದ್ದು ಹೇಳ್ತೀನಿ. ಊರ ಹೆಸರು, ಮನೆ ಹೆಸರು ಬೇಡ.

ನಮ್ಮ ಸೆಂಟರ್ ಇರೋದು ಕಾಲೋನಿಯಲ್ಲಿ. ಎಸ್‌ಸಿ, ಎಸ್‌ಟಿ ಜನ ಇರುವ ಎಲ್ಲಾ ಕಡೆ ಆದಷ್ಟು ಬೇಗ ಅಂಗನವಾಡಿ ಆಗಬೇಕು ಅಂತ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇಂಥ ಸೆಂಟರ್‌ಗಳನ್ನ ಕೇಳೋಕೆ ನಮಗೊಂದು ಬಲ ಬಂತು. ಊರಿನವರಿಗೂ ಹತ್ತಿರದ ಸೆಂಟರ್ ಇದೇ. ರೇಷನ್ ಪೊಟ್ಟಣಕ್ಕೆ ಬರ್ತಾರೆ, ಮಗೂಗೆ ಚುಚ್ಚುಮದ್ದು ಹಾಕ್ಸೋಕೆ ಬರ್ತಾರೆ. ಮಗು ಕೂತು ಊಟ ಮಾಡೋಕೆ ಮಾತ್ರ ಕಳಿಸಲ್ಲ. ಅಡುಗೆ ಮಾಡೋದು ನಮ್ಮ ಸಹಾಯಕಿ ಅಕ್ಕ, ಅವಳದ್ದೂ ನಂದೂ ಒಂದೇ ಕೇರಿ. ಕೇಳಿದ್ರೆ, "ನಮ್ಮ ಮಗೂಗೆ ಮನೆ ಊಟವೇ ಅಭ್ಯಾಸ" ಅಂತಾರೆ.

ಹಂಗಿರುವಾಗ ಊರ ಕಡೆಯಿಂದ ಒಂದು ಹೆಣ್ಣುಮಗು ಬರೋಕೆ ಶುರು ಮಾಡ್ತು. ನಾಲ್ಕು ವರ್ಷ. ತಾಯಿ ನರಸಾಪುರದ ಕಡೆ ಫ್ಯಾಕ್ಟರಿ ಕೆಲಸಕ್ಕೆ ಹೋಗ್ತಿದ್ಲು, ಅಜ್ಜಿಗೆ ಮಂಡಿ ನೋವು, ನೋಡ್ಕೊಳ್ಳೋರಿಲ್ಲ. ಕೊರಳಿಗೆ ನೀರಿನ ಬಾಟಲಿ ನೇತುಹಾಕಿ ಕಳಿಸೋರು. ಒಂದು ದಿನ ಬಾಟಲಿ ಖಾಲಿ ಆಯ್ತು. ಬಿಸಿಲು ಬೇರೆ. ಅಕ್ಕ ಲೋಟದಲ್ಲಿ ನೀರು ತಂದು ಕೊಟ್ರೆ ಮಗು ಎರಡೂ ಕೈ ಹಿಂದಕ್ಕೆ ಕಟ್ಕೊಂಡು ತೆಲುಗಿನಲ್ಲಿ, "ಮಾ ಅಮ್ಮ ತಾಗೊದ್ದಂದಿ" ಅಂತು. ನಮ್ಮಮ್ಮ ಕುಡೀಬೇಡ ಅಂದಿದ್ದಾಳೆ ಅಂತ. ನಾಲಿಗೆ ಒಣಗಿದೆ, ಕಣ್ಣು ಲೋಟದ ಮೇಲಿದೆ, ಕೈ ಮುಂದೆ ಬರ್ತಿಲ್ಲ.

ಆ ಮಗೂಗೆ ಇನ್ನೂ ಹತ್ತರ ತನಕ ಎಣಿಸೋಕೆ ಬರ್ತಿರಲಿಲ್ಲ. ಯಾರ ನೀರು ಕುಡೀಬಾರದು ಅನ್ನೋದು ಆಗಲೇ ಬರ್ತಿತ್ತು.

ಬಾಬಾಸಾಹೇಬರು ತಮ್ಮ ಬಾಲ್ಯದ ಶಾಲೆ ಬಗ್ಗೆ ಬರೆದಿರೋದು ನಿಮಗೆ ಗೊತ್ತು. ಮನೆಯಿಂದ ಒಯ್ದ ಗೋಣಿಚೀಲದ ಮೇಲೆ ಬೇರೆ ಕೂರಬೇಕಿತ್ತು. ಬಾಯಾರಿದ್ರೆ ಜವಾನ ಬಂದು ನಲ್ಲಿ ತಿರುಗಿಸಬೇಕಿತ್ತು, ಜವಾನ ಇಲ್ಲ ಅಂದ್ರೆ ನೀರಿಲ್ಲ. ಅದೇ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿ ಕುಡಿದ್ರು. ನಾವು ಪ್ರತಿ ವರ್ಷ ಅದನ್ನ ನೆನೀತೀವಿ. ಅಲ್ಲಿ ಬಾಯಾರಿದ್ದು ನಮ್ಮ ಮಗು. ನನ್ನ ಸೆಂಟರಿನಲ್ಲಿ ಬಾಯಾರಿದ್ದು ಅವರ ಮಗು. ನೀರು ಕೊಡೋ ಕೈ ನಮ್ಮದಾದ್ರೂ ಜಾತಿ ತನ್ನ ಕೆಲಸ ಮಾಡ್ತಾನೇ ಇರುತ್ತೆ.

ನಾನು ಮಗೂನ ಬಲವಂತ ಮಾಡಲಿಲ್ಲ. ಭಾಷಣವನ್ನೂ ಮಾಡಲಿಲ್ಲ. ಅಕ್ಕ ಅಜ್ಜಿ ಮನೆಗೆ ಹೋಗಿ ಬಾಟಲಿ ತುಂಬಿಸ್ಕೊಂಡು ಬಂದ್ಲು. ಮಾರನೇ ದಿನದಿಂದ ನೀರಿನ ಸರದಿ ಅಂತ ಒಂದು ಆಟ ಶುರು ಮಾಡಿದೆ. ಗೋಡೆ ಮೇಲೆ ಎಲ್ಲಾ ಮಕ್ಕಳ ಫೋಟೊ, ಅದರ ಮೇಲೆ ಬಟ್ಟೆಗೆ ಹಾಕೋ ಒಂದು ಕ್ಲಿಪ್ಪು. ದಿನಾ ಕ್ಲಿಪ್ಪು ಒಂದು ಫೋಟೊ ಮುಂದಕ್ಕೆ ಹೋಗುತ್ತೆ. ಆವತ್ತು ಆ ಮಗು ಸಣ್ಣ ಜಗ್ಗಿನಿಂದ ಎಲ್ಲರ ಲೋಟಕ್ಕೂ ನೀರು ಬಗ್ಗಿಸ್ಬೇಕು, ಚೆಲ್ಲಬಾರದು. ಕೊಡೋ ಮುಂಚೆ ನೀರು ಅಂತ ಒಂದು ಸಲ ಹೇಳ್ಬೇಕು, ಮನೆಯಲ್ಲಿ ಹೇಗಂತಾರೋ ಹಾಗೆ. ನಮ್ಮ ಭಾಗದಲ್ಲಿ ಮನೆಗೊಂದು ಭಾಷೆ. ಒಬ್ಬ ನೀಳ್ಳು ಅಂತಾನೆ. ಕೆಜಿಎಫ್ ಕಡೆಯ ಮಗು ತಣ್ಣಿ ಅನ್ನುತ್ತೆ. ಇನ್ನೊಂದು ಪಾನಿ ಅನ್ನುತ್ತೆ. ಎರಡು ತಿಂಗಳಲ್ಲಿ ಎಲ್ಲಾ ಮಕ್ಕಳಿಗೂ ನೀರಿನ ನಾಲ್ಕು ಹೆಸರು ಬಾಯಿಗೆ ಬಂತು.

ಊರ ಮಗೂನ ಸರದಿ ಬಂದ ದಿನ ಅವಳು ಎಲ್ಲರಿಗೂ ಬಗ್ಗಿಸಿದ್ಲು. ಒಂದು ತೊಟ್ಟೂ ಚೆಲ್ಲಲಿಲ್ಲ. ಕೊನೆಗೆ ಒಂದು ಲೋಟ ಉಳೀತು, ಅದು ಅವಳದ್ದು. ನಮ್ಮ ಕಡೆ ಒಂದು ಸಲ ನೋಡಿ ಗಟಗಟ ಕುಡಿದ್ಲು. ಯಾರೂ ಏನೂ ಹೇಳಲಿಲ್ಲ. ಅಕ್ಕ ಮಾತ್ರ ಸೆರಗಲ್ಲಿ ಮುಖ ಒರೆಸ್ಕೊಂಡು ಒಳಗೆ ಹೋದ್ಲು.

ಕಥೆ ಇಲ್ಲಿಗೆ ಮುಗಿದಿದ್ರೆ ಸಮಾವೇಶದಲ್ಲಿ ಚಪ್ಪಾಳೆ ಬೀಳ್ತಿತ್ತು. ಮುಗೀಲಿಲ್ಲ. ಜೂನ್ ತಿಂಗಳಲ್ಲಿ ಆ ಮಗೂನ ಖಾಸಗಿ ಎಲ್‌ಕೆಜಿಗೆ ಸೇರಿಸಿದ್ರು. ಹಳದಿ ವ್ಯಾನ್ ಬರುತ್ತೆ. ಇಂಗ್ಲಿಷ್ ಕಲೀಲಿ ಅಂತ ಸೇರಿಸಿದ್ದೀವಿ ಅಂದ್ರು. ಇರಬಹುದು, ನಮ್ಮ ಕಾಲೋನಿಯವರಿಗೂ ಅದೇ ಆಸೆ. ಆದರೆ ಅಜ್ಜಿ ಬಾವಿಕಟ್ಟೆ ಹತ್ರ ಆಡಿದ ಮಾತು ನಮ್ಮ ಕಿವಿಗೂ ಬಿತ್ತು: "ಅಲ್ಲಿ ಬಿಟ್ರೆ ಎಲ್ಲಾ ಕೆಟ್ಟುಹೋಗುತ್ತೆ." ಈಗ ನಮ್ಮ ಸೆಂಟರಿನಲ್ಲಿ ಇರೋದು ಕಾಲೋನಿ ಮಕ್ಕಳು ಮಾತ್ರ. ಮೂರನೇ ವರ್ಷಕ್ಕೇ ಮಕ್ಕಳನ್ನ ಬೇರೆ ಮಾಡೋಕೆ ಈಗ ಬೇಲಿ ಬೇಕಿಲ್ಲ, ವ್ಯಾನ್ ಸಾಕು.

ಸಮಾವೇಶದವರು ಕೇಳಬಹುದು, ಇದು ಶಿಶು ಶಿಕ್ಷಣ ಹೇಗಾಗುತ್ತೆ ಅಂತ. ಉತ್ತರ ಅವರ ಪುಸ್ತಕಗಳಲ್ಲೇ ಇದೆ. ಮಗುವಿನ ಮೆದುಳಿನ ಬೆಳವಣಿಗೆಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತೆ ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತೆ. ಬಣ್ಣ, ಆಕಾರ, ಅಕ್ಷರ ಆ ವಯಸ್ಸಲ್ಲೇ ಕಲೀಬೇಕು ಅಂತೀರಿ, ಸರಿ. ಯಾರ ಲೋಟ ಮುಟ್ಟಬಾರದು ಅನ್ನೋದನ್ನೂ ಮಗು ಅದೇ ವಯಸ್ಸಲ್ಲೇ ಕಲಿಯುತ್ತೆ. ಅದಕ್ಕೆ ನಿಮ್ಮ ಪಠ್ಯಕ್ರಮದಲ್ಲಿ ಏನಿದೆ?

ಮಾಂಟೆಸ್ಸರಿ ಶಾಲೆಯಲ್ಲಿ ಜಗ್ಗಿನಿಂದ ಜಗ್ಗಿಗೆ ನೀರು ಬಗ್ಗಿಸೋದು ಮಕ್ಕಳ ಮೊದಮೊದಲ ಅಭ್ಯಾಸಗಳಲ್ಲಿ ಒಂದು. ಕೈ, ಕಣ್ಣು ಹೊಂದಿಕೊಳ್ಳಲಿ, ಗಮನ ನಿಲ್ಲಲಿ ಅಂತ. ಮರಿಯಾ ಮಾಂಟೆಸ್ಸರಿ 1907ರಲ್ಲಿ ತಮ್ಮ ಮೊದಲ ಮಕ್ಕಳ ಮನೆ ತೆರೆದಿದ್ದು ರೋಮ್ ನಗರದ ಬಡ ಕೂಲಿಕಾರರ ಬೀದಿಯಲ್ಲಿ. 1939ರಲ್ಲಿ ಅವರು ಮದರಾಸಿಗೆ ಬಂದು ಅಡಿಯಾರ್‌ನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ರು. ಗುಜರಾತ್, ಮಹಾರಾಷ್ಟ್ರದಲ್ಲಿ ಕೆಲಸ ಮಾಡಿದ ತಾರಾಬಾಯಿ ಮೋಡಕ್, ಬಡವರ ಮಕ್ಕಳು ಬಾಲವಾಡಿಗೆ ಬರ್ತಿಲ್ಲ ಅಂದಾಗ ಬಾಲವಾಡಿಯನ್ನೇ ಅವರ ಅಂಗಳಕ್ಕೆ ಒಯ್ದರು. ಅಂಗನವಾಡಿ ಅನ್ನೋ ಹೆಸರಿನಲ್ಲೇ ಆ ಅಂಗಳ ಇದೆ. ಬಡವರ ಬೀದಿಯಲ್ಲಿ ಹುಟ್ಟಿದ ಪಾಠವನ್ನ ನಾನು ಬಡವರ ಬೀದಿಯಿಂದಲೇ ಒಯ್ತಿದ್ದೀನಿ. ನಾನು ಕೇಳೋದು ಇಷ್ಟೇ: ನಿಮ್ಮ ಶಾಲೆಯಲ್ಲಿ ಆ ನೀರನ್ನ ಮಗು ಯಾರಿಗೆ ಬಗ್ಗಿಸಿ ಕೊಡುತ್ತೆ, ಯಾರ ಕೈಯಿಂದ ಇಸ್ಕೊಂಡು ಕುಡಿಯುತ್ತೆ?

ಬೇತಮಂಗಲದಿಂದ ಹೋಗುವವಳು ನೀರಿನ ಬಗ್ಗೆ ಮಾತಾಡದೆ ಇರೋಕಾಗಲ್ಲ. ಪಾಲಾರ್ ನದಿಗೆ ಕಟ್ಟಿದ ನಮ್ಮ ಕೆರೆಯಿಂದ ಬ್ರಿಟಿಷರ ಕಾಲದಲ್ಲಿ ಕೆಜಿಎಫ್‌ಗೆ ಕುಡಿಯೋ ನೀರು ಹೋಯ್ತು. ಅಲ್ಲಿ ಗಣಿಯ ಆಳಕ್ಕೆ ಇಳಿದು ಚಿನ್ನ ತೆಗೆದವರಲ್ಲಿ ಬಹಳಷ್ಟು ಜನ ತಮಿಳು ನಾಡಿನಿಂದ ಬಂದ ನಮ್ಮ ದಲಿತರೇ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ತು. 2011ರ ಜನಗಣತಿ ಪ್ರಕಾರ ಈ ಜಿಲ್ಲೆಯಲ್ಲಿ ನೂರಕ್ಕೆ ಮೂವತ್ತು ಜನ ಪರಿಶಿಷ್ಟ ಜಾತಿಯವರು. ಇಷ್ಟು ಜನ ಇರುವ ಜಿಲ್ಲೆಯ ಅನುಭವ ಹೇಳೋಕೆ ಕರೆದು ಜಾತಿ ಬಿಟ್ಟು ಹೇಳಿ ಅಂದ್ರೆ ಹೇಗೆ?

ಸಂಘಟಕರಿಗೆ ನಾನು ಹೇಳಿದ್ದು ಇಷ್ಟು: "ಸರ್, ನಾನು ಘೋಷಣೆ ಕೂಗಲ್ಲ. ನನ್ನ ಕ್ಲಾಸಿನಲ್ಲಿ ನಡೆದ ಒಂದು ಪಾಠ ಹೇಳ್ತೀನಿ, ಸಾಮಗ್ರಿ ಒಂದು ಜಗ್ಗು, ಒಂದು ಕ್ಲಿಪ್ಪು. ಖರ್ಚೂ ಕಡಿಮೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಹತ್ತು ನಿಮಿಷ ಮೀರಬೇಡಿ ಮೇಡಂ" ಅಂದ್ರು. ಮೀರಲ್ಲ. ಗಡಿಯಾರ ಇಟ್ಕೊಂಡು ಅಕ್ಕನ ಮುಂದೆ ನಾಲ್ಕು ಸಲ ಹೇಳಿ ನೋಡಿದ್ದೀನಿ. ಮೂರು ಸಲ ಹನ್ನೆರಡು ನಿಮಿಷ ಆಯ್ತು, ನಾಲ್ಕನೇ ಸಲ ಒಂಬತ್ತೂವರೆ. "ಅಜ್ಜಿ ಮಾತು ಮಾತ್ರ ಬಿಡಬೇಡ" ಅಂದ್ಲು ಅಕ್ಕ.

ಭಯ ಇಲ್ಲ ಅಂತಲ್ಲ. ಸಭೆಯಲ್ಲಿ ಇಲಾಖೆಯವರು ಇರ್ತಾರೆ. ನಾಳೆ ಯಾರಾದ್ರೂ ನಮ್ಮ ಸೆಂಟರಿಗೆ ಬಂದು ರಿಜಿಸ್ಟರ್ ತೆಗೆ, ಸ್ಟಾಕ್ ತೋರಿಸು ಅನ್ನಬಹುದು. ಅದಕ್ಕೆ ಈ ವಾರ ಎಲ್ಲಾ ರಿಜಿಸ್ಟರ್ ಕೂತು ಸರಿ ಮಾಡಿಟ್ಟಿದ್ದೀನಿ. ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ ಎಲ್ಲಾ. ಇದೂ ತಯಾರಿಯೇ. ನಮ್ಮಂಥವರು ಸತ್ಯ ಹೇಳೋ ಮುಂಚೆ ಲೆಕ್ಕ ಸರಿ ಇಟ್ಕೊಂಡಿರಬೇಕು.

ಈಗ ನಿಮ್ಮ ಸಹಾಯ. ನಿಮ್ಮ ಸೆಂಟರಿನಲ್ಲಿ, ಶಾಲೆಯಲ್ಲಿ ನೀರು, ತಟ್ಟೆ, ಕೂರೋ ಜಾಗದ ವಿಷಯದಲ್ಲಿ ಮಕ್ಕಳು ಏನು ಹೇಳಿದ್ರು, ನೀವೇನು ಮಾಡಿದ್ರಿ ಅಂತ ನನಗೆ ಮೆಸೇಜ್ ಮಾಡಿ. ಊರು, ಮಗು, ಮನೆಯವರ ಹೆಸರು ಬರೀಬೇಡಿ. ಮಗೂನ ಫೋಟೊ ಅಂತೂ ಬೇಡವೇ ಬೇಡ. ತಪ್ಪು ಮಗೂದಲ್ಲ. ಒಳ್ಳೇದಾಗಿದ್ರೆ ಅದನ್ನೂ ಬರೀರಿ. ಊರಿನವರೂ ಕಾಲೋನಿಯವರೂ ಒಟ್ಟಿಗೆ ಕೂತು ಉಣ್ಣೋ ಸೆಂಟರ್‌ಗಳು ಇವೆ ಅಂತ ಕೇಳಿದ್ದೀನಿ, ಅಲ್ಲಿಯ ಟೀಚರ್ ಅದನ್ನ ಹೇಗೆ ಸಾಧಿಸಿದ್ರು ಅಂತ ನನಗೆ ತಿಳೀಬೇಕು. ಭಾನುವಾರ ರಾತ್ರಿ ಒಳಗೆ ಕಳಿಸಿ. ಪ್ರಿಂಟ್ ತೆಗೆಸಿ ಒಯ್ತೀನಿ. ಆ ಹಾಲಿನಲ್ಲಿ ಯಾರಾದ್ರೂ ಎದ್ದು, ಇದೆಲ್ಲೋ ಒಂದು ಕಡೆ ನಡೆದಿದ್ದು ಅಂದ್ರೆ ಮೇಜಿನ ಮೇಲೆ ಇಡೋಕೆ ನನ್ನ ಹತ್ರ ನಿಮ್ಮ ಹಾಳೆಗಳು ಇರಬೇಕು.

ಜೈ ಭೀಮ್. ಜೈ ಸಾವಿತ್ರಿಬಾಯಿ, ಜೈ ಫಾತಿಮಾ ಶೇಖ್.