ವ್ಯಾನಿನ ಸದ್ದು: ಪೂರ್ತಿ ಶೀಟು ಹಾಕಿಸೋದಾ, ಬೇಕಾದಷ್ಟೇ ಹಾಕಿಸೋದಾ?

ಈ ವಾರ ತೋಟದ ವಿಷಯ ಅಲ್ಲ, ವ್ಯಾನಿನ ವಿಷಯ. ನಮ್ಮ ಓಮ್ನಿಗೆ ಸದ್ದು ತಡೆಯೋ ಡ್ಯಾಂಪಿಂಗ್ ಶೀಟು ಹಾಕಿಸಬೇಕಾ ಬೇಡವಾ ಅಂತ ಹದಿನೈದು ದಿನದಿಂದ ಲೆಕ್ಕ ಹಾಕ್ತಿದ್ದೆ. ನಮ್ಮ ಸುತ್ತಮುತ್ತ ಊರಿಗೆ ಏನಿಲ್ಲ ಅಂದ್ರೂ ಮೂರ್ನಾಲ್ಕು ಓಮ್ನಿ, ಈಕೋ ಇದಾವೆ. ತಿಳಿದಿದ್ದನ್ನ ಬರೆದಿಟ್ಟರೆ ಯಾರಿಗಾದರೂ ಉಪಯೋಗ ಆಗಬಹುದು.

ಶೋಕಿಗಲ್ಲ. ಅಪ್ಪನ್ನ ತಿಂಗಳಿಗೆ ಎರಡು ಸಲ ತುಮಕೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಅವರಿಗೆ ಕಿವಿ ಮಂದ, ಮೆಷಿನ್ ಹಾಕ್ಕೋತಾರೆ. ಆ ಮೆಷಿನ್ನು ಮಾತನ್ನೂ ಜೋರು ಮಾಡುತ್ತೆ, ಇಂಜಿನ್ ಸದ್ದನ್ನೂ ಜೋರು ಮಾಡುತ್ತೆ. ತಿಪಟೂರು ಬಿಟ್ಟು ಕಿಬ್ಬನಹಳ್ಳಿ ಕ್ರಾಸ್ ಬರೋ ಹೊತ್ತಿಗೆ ಅದನ್ನ ತೆಗೆದು ಜೇಬಿಗೆ ಹಾಕ್ಕೊಂಡು ಸುಮ್ಮನೆ ಕೂತ್ಕೋತಾರೆ. ಮನೇಲಿ ಟಿವಿ, ಮಕ್ಕಳು, ಬಂದು ಹೋಗೋರು. ನಾವಿಬ್ಬರೇ ಇರೋದು ಈ ದಾರೀಲಿ ಮಾತ್ರ. ಹೋದ ತಿಂಗಳು ರೈಲ್ವೆ ಗೇಟ್ ಹಾಕಿದ್ರು, ಇಂಜಿನ್ ಆಫ್ ಮಾಡಿದೆ. ಅಪ್ಪ ಮೆಷಿನ್ ಮತ್ತೆ ಕಿವಿಗೆ ಹಾಕ್ಕೊಂಡು, ಮೂಡಲ ಸಾಲಿನ ತೆಂಗಿಗೆ ತಾಯಿ ಮರ ಯಾವ ಊರಿಂದು, ಕಾಯಿ ಯಾರು ಕೊಟ್ಟಿದ್ದು, ಆ ವರ್ಷ ನೀರು ಹೊತ್ತವರು ಯಾರು ಅಂತ ಹೇಳ್ತಾ ಹೋದ್ರು. ಗೇಟ್ ತೆಗೆದ್ರು, ಮಾತು ನಿಂತೋಯ್ತು. ಇದನ್ನೆಲ್ಲ ತಿಳಿದಿರೋರು ಇನ್ನು ಅವರೊಬ್ಬರೇ.

ಈ ಗಾಡಿ ಸದ್ದು ಮಾಡೋದು ಯಾರ ತಪ್ಪೂ ಅಲ್ಲ. ಕಡಿಮೆ ಬೆಲೆಗೆ ಜಾಗ ಜಾಸ್ತಿ ಇರಲಿ ಅಂತ ಮಾಡಿದ್ದು. ಇಂಜಿನ್ನು ಮುಂದಿನ ಸೀಟಿನ ಕೆಳಗೇ ಇದೆ, ಮೇಲೆ ತೆಳು ತಗಡು. ಮಳೆಗಾಲದಲ್ಲಿ ಶೀಟು ಹೊದಿಸಿದ ಶೆಡ್ಡಲ್ಲಿ ಕೂತಿರ್ತೀವಲ್ಲ, ಅದೇ ಲೆಕ್ಕ. ಹಾಗಾದ್ರೆ ನಡು ಸೀಟಲ್ಲಿ ಕೂರಿಸಬಹುದಲ್ಲ ಅಂತ ನೀವು ಕೇಳಬಹುದು. ಅಲ್ಲಿ ಇಂಜಿನ್ ಸದ್ದು ಸ್ವಲ್ಪ ಕಡಿಮೆ, ನಿಜ. ಆದ್ರೆ ಕಿವಿ ಮಂದ ಇರೋರು ಬಾಯಿ ನೋಡ್ಕೊಂಡು ಅರ್ಥ ಮಾಡ್ಕೋತಾರೆ, ಗಾಡಿ ಓಡಿಸೋನು ಹಿಂದಕ್ಕೆ ತಿರುಗೋಕಾಗಲ್ಲ. ಅಪ್ಪಂಗೆ ಬಲಗಿವಿ ವಾಸಿ. ಮುಂದೆ ಕೂತ್ರೆ ಅದು ನನ್ನ ಕಡೆಗೇ ಬರುತ್ತೆ. ಹಂಗಾಗಿ ಮುಂದಿನ ಸೀಟೇ ಗಟ್ಟಿ.

ಅಂಗಡಿಯವರು ಪೂರ್ತಿ ವ್ಯಾನಿಗೆ 18,000 ಕೇಳಿದ್ರು. ತಳ, ಬಾಗಿಲು, ಟಾಪು, ಹಿಂಬದಿ ಎಲ್ಲಾ ಸೇರಿ. ಓಮ್ನಿ ತಯಾರಾಗೋದು 2019ರಲ್ಲೇ ನಿಂತಿದೆ, ನಮ್ಮದು ಅದಕ್ಕೂ ಹಳೇದು. ಮಾರೋವಾಗ ಈ ದುಡ್ಡು ವಾಪಸ್ ಬರಲ್ಲ. ಹಾಗಾಗಿ ಶೀಟು ಏನು ಕೆಲಸ ಮಾಡುತ್ತೆ ಅಂತ ಮೊದಲು ತಿಳ್ಕೊಂಡೆ.

ಕಂಚಿನ ತಟ್ಟೆ ಬಡಿದು ಅದರ ಮೇಲೆ ಅಂಗೈ ಇಟ್ಟರೆ ಸದ್ದು ನಿಲ್ಲುತ್ತಲ್ಲ, ಡ್ಯಾಂಪಿಂಗ್ ಶೀಟು ಮಾಡೋದು ಅಷ್ಟೇ. ಒಂದು ಕಡೆ ಅಂಟು ಇರೋ ಬ್ಯುಟೈಲ್ ರಬ್ಬರು, ಇನ್ನೊಂದು ಕಡೆ ಅಲ್ಯೂಮಿನಿಯಂ ಹಾಳೆ. ತಗಡಿನ ನಡುಕ ಹಿಡಿಯುತ್ತೆ. ಇಂಚೂ ಬಿಡದೆ ಅಂಟಿಸಬೇಕಾಗಿಲ್ಲ, ಅಗಲ ತಗಡಿನ ನಡುವೆ ಕಾಲು ಭಾಗದಿಂದ ಅರ್ಧ ಭಾಗ ಅಂಟಿಸಿದ್ರೆ ಬಹುಪಾಲು ಕೆಲಸ ಆಗುತ್ತೆ. ಎಲ್ಲಿ ಬೇಕು ಅಂತ ತಿಳಿಯೋಕೆ ಬೆರಳಲ್ಲಿ ತಟ್ಟಿ ನೋಡಿ. ಠಣ್ ಅಂದ್ರೆ ಬೇಕು, ದಬ್ ಅಂದ್ರೆ ಬೇಡ. ಗಾಳೀಲಿ ಬರೋ ಸದ್ದು ತಡೆಯೋಕೆ ಸಂದು ಮುಚ್ಚಬೇಕು, ಇಲ್ಲ ಭಾರದ ವಸ್ತು ಅಡ್ಡ ಇರಬೇಕು. ಥರ್ಮಾಕೋಲ್, ಮೊಟ್ಟೆ ಟ್ರೇ ಅಂಟಿಸಿ ಅಂತ ಹೇಳೋರಿದಾರೆ. ಹಗುರ ಇರೋದು ಸದ್ದು ತಡೆಯಲ್ಲ, ಇಂಜಿನ್ ಹತ್ರ ಬೆಂಕಿ ಭಯ ಬೇರೆ. ತಾರಸಿಗೆ ಹಾಕೋ ಟಾರ್ ಶೀಟೂ ಬೇಡ, ಬಿಸಿಲಿಗೆ ಮೆತ್ತಗಾಗಿ ಇಳಿಯುತ್ತೆ, ವಾಸನೆ ಬರುತ್ತೆ.

ದುಡ್ಡು ಕೊಡೋ ಮೊದಲು ಭಾನುವಾರ ನಾನೂ ಮಗನೂ ವ್ಯಾನು ಖಾಲಿ ಮಾಡಿದ್ವಿ. ಜಾಕು, ಸ್ಪ್ಯಾನರ್‌ಗೆ ಗೋಣಿ ಸುತ್ತಿದ್ವಿ. ನಂಬರ್ ಪ್ಲೇಟಿನ ಬೋಲ್ಟ್ ಬಿಗಿ ಮಾಡಿದ್ವಿ. ಜಾರು ಬಾಗಿಲಿನ ಬೀಡಿಂಗ್ ರಬ್ಬರ್ ಹೊಸದು ಹಾಕಿದ್ವಿ. ಸೀಟು ಎತ್ತಿದ್ರೆ ಇಂಜಿನ್ ಮುಚ್ಚಳದ ಸುತ್ತಲಿನ ರಬ್ಬರ್ ಒಂದು ಗೇಣು ಕಿತ್ತುಹೋಗಿತ್ತು, ಅದನ್ನೂ ಬದಲಾಯಿಸಿದ್ವಿ. ಎಲ್ಲಾ ಸೇರಿ 1,400 ಖರ್ಚು. ಅದೇ ಫೋನು, ಅದೇ ರಸ್ತೆ, 60ರ ಸ್ಪೀಡು, ಗ್ಲಾಸ್ ಮುಚ್ಚಿ ಅಳೆದ್ರೆ ಮೊದಲು 81 ಡೆಸಿಬಲ್ ಇದ್ದಿದ್ದು 78 ಆಯ್ತು. ಫೋನಿನ ಅಳತೆ ಪಕ್ಕಾ ಅಲ್ಲ, ಮೊದಲಿಗೂ ಆಮೇಲಿಗೂ ಹೋಲಿಸೋಕೆ ಸಾಕು. 3 ಡೆಸಿಬಲ್ ಇಳಿದ್ರೆ ಸದ್ದಿನ ಶಕ್ತಿ ಅರ್ಧ ಆದಂಗೆ. ಆದ್ರೆ ಕಿವಿಗೆ ಅರ್ಧ ಅನ್ನಿಸೋಕೆ ಸುಮಾರು 10 ಇಳೀಬೇಕು. ಗ್ಲಾಸ್ ಇಳಿಸಿದ್ರೆ ಮತ್ತೆ 85! ನಮ್ಮ ವ್ಯಾನಲ್ಲಿ ಏಸಿ ಇಲ್ಲ. ಏಪ್ರಿಲ್ ಮಧ್ಯಾಹ್ನ ಗ್ಲಾಸ್ ಮುಚ್ಚಿ ಹೋಗೋಕಾಗುತ್ತಾ? 18,000ದ ಶೀಟೂ ಕಿಟಕಿಯಿಂದ ಬರೋ ಗಾಳಿ ಸದ್ದು ತಡೆಯಲ್ಲ. ಅದಕ್ಕೇ ಇನ್ಮೇಲೆ ಬೆಳಗ್ಗೆ ಆರಕ್ಕೇ ಹೊರಡೋದು. ಸ್ಪೀಡು 70 ಬದಲು 55. ತುಮಕೂರಿಗೆ ಹೆಚ್ಚು ಅಂದ್ರೆ ಇಪ್ಪತ್ತು ನಿಮಿಷ ತಡ, ಇಂಜಿನ್ನೂ ಟೈರೂ ಎರಡೂ ಸದ್ದು ಕಮ್ಮಿ ಮಾಡ್ತವೆ.

ಇನ್ನು ತಳ. ಇಲ್ಲಿ ರೈತರ ಗಾಡೀನೇ ಬೇರೆ, ಪೇಟೆಯವರ ಗಾಡೀನೇ ಬೇರೆ. ನಾವು ಹಿಂದೆ ಗೊಬ್ಬರ ಹಾಕ್ತೀವಿ, ನೆಂದ ಗೋಣಿ ಹಾಕ್ತೀವಿ, ಕಾಯಿ ಹಾಕ್ತೀವಿ. ಉದುರಿದ ಯೂರಿಯಾ ನೀರು ಎಳ್ಕೊಳುತ್ತೆ. ಮೇಲೆ ಫೋಮು, ಮ್ಯಾಟು ಇದ್ರೆ ಆ ತೇವ ಆರಲ್ಲ, ತಗಡು ಅಡಿಯಿಂದ ತುಕ್ಕು ಹಿಡೀತಾ ಹೋಗುತ್ತೆ, ತೂತು ಬಿದ್ದಾಗಲೇ ಗೊತ್ತಾಗೋದು. ತೂಕ ಬೇರೆ. ಎರಡು ಮಿಲಿಮೀಟರ್ ಶೀಟು ಚದರ ಮೀಟರಿಗೆ ಸುಮಾರು 3 ಕೆ.ಜಿ. ಬರುತ್ತೆ. ಹತ್ತು ಚದರ ಮೀಟರ್ ಅಂಟಿಸಿದ್ರೆ 30 ಕೆ.ಜಿ., ಅಂದ್ರೆ 45 ಕೆ.ಜಿ. ಯೂರಿಯಾ ಚೀಲದ ಮೂರರಲ್ಲಿ ಎರಡು ಪಾಲು, ದಿನಾ ಸುಮ್ಮನೆ ಹೊತ್ಕೊಂಡು ತಿರುಗಬೇಕು.

ಕೊನೆಗೆ ತೀರ್ಮಾನ ಮಾಡಿದ್ದು ಹೀಗೆ. ಪೂರ್ತಿ ವ್ಯಾನು ಬೇಡ, ತಳವಂತೂ ಬೇಡವೇ ಬೇಡ. ಇಂಜಿನ್ ಮುಚ್ಚಳಕ್ಕೆ ಬಿಸಿ ತಡೆಯೋ, ಬೆಂಕಿ ಹಿಡಿಯದ ಶೀಟು. ಮುಂದಿನ ಎರಡು ಬಾಗಿಲಿಗೆ, ಟಾಪಿನ ಮುಂದಿನ ಅರ್ಧಕ್ಕೆ ಬ್ಯುಟೈಲು. 5,500ಕ್ಕೆ ಮಾತಾಗಿದೆ, ಮುಂದಿನ ಸೋಮವಾರ ಕೆಲಸ. ಈ ಸಲದ ಕೊಬ್ಬರಿ ದುಡ್ಡಲ್ಲಿ ಡ್ರಿಪ್ ಪೈಪ್ ಬದಲಾಯಿಸೋದಿತ್ತು, ಅದರಲ್ಲಿ ಎರಡು ಸಾಲು ಮುಂದಕ್ಕೆ ಹಾಕ್ದೆ. ಪೈಪು ಬರೋ ವರ್ಷವೂ ಸಿಗುತ್ತೆ.

ನೀವು ಮಾಡಿಸೋದಾದ್ರೆ ಎರಡು ಮಾತು. ಬಾಗಿಲ ತಳದಲ್ಲಿ ನೀರು ಇಳಿಯೋ ತೂತು ಇರ್ತವೆ, ಅದನ್ನ ಮುಚ್ಚೋಕೆ ಬಿಡಬೇಡಿ. ಗ್ಯಾಸ್ ಕಿಟ್ ಇರೋರು ಗಾಳಿಯಾಡೋ ಕಿಂಡಿ ಯಾವುದನ್ನೂ ಮುಚ್ಚಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ತಳದಲ್ಲೇ ನಿಲ್ಲುತ್ತೆ.

ಬುಧವಾರ ತುಮಕೂರಿಗೆ ಹೋಗೋದಿದೆ. ಫೋನಲ್ಲಿ ಎಷ್ಟು ಬರುತ್ತೆ ಅನ್ನೋದಕ್ಕಿಂತ ನಾನು ನೋಡೋದು ಒಂದೇ: ಗುಬ್ಬಿ ದಾಟಿದ ಮೇಲೂ ಮೆಷಿನ್ನು ಅಪ್ಪನ ಕಿವೀಲೇ ಇದ್ರೆ ದುಡ್ಡಿಗೆ ಮೋಸ ಇಲ್ಲ. ಮೂಡಲ ಸಾಲಿನ ಕತೆ ಇನ್ನೂ ಅರ್ಧ ಬಾಕಿ ಇದೆ.