ಮದ್ದೂರು ವಡೆಯ ಪಕ್ಕ ಯಾವ ವೈನ್?

ಮಂಡ್ಯ
ಭಾನುವಾರ ರಾತ್ರಿ

ಪ್ರೀತಿಯ ಸುರೇಶನಿಗೆ,

ಊಟಕ್ಕೆ ಬರುವ ಆಫೀಸಿನವರಿಗೆ ಯಾವ ವೈನ್ ತರಬೇಕು, ಹೇಗೆ ಕೊಡಬೇಕು ಎಂದು ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಈ ಮೈಸೂರು ರಸ್ತೆಯಲ್ಲೇ ಸಿಕ್ಕಿತು. ಅರ್ಧ ಉತ್ತರ ಚನ್ನಪಟ್ಟಣದಲ್ಲಿ, ಉಳಿದರ್ಧ ಮದ್ದೂರು, ಮಳವಳ್ಳಿಯ ಊಟದ ಎಲೆಯ ಮೇಲೆ.

ಮಂಡ್ಯ ಕಬ್ಬಿನ ಸೀಮೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಮೇಲೆ ಕಬ್ಬು, ಭತ್ತ ಹಬ್ಬಿದವು, 1933ರಲ್ಲಿ ಮೈಷುಗರ್ ಕಂಪನಿ ಹುಟ್ಟಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಸ್ಪಿರಿಟ್ ಬಟ್ಟಿ ಇಳಿಸುವುದೂ ಇಲ್ಲಿನವರಿಗೆ ಹಳೆಯ ಸಂಗತಿ. ವೈನಿನ ದಾರಿಯೇ ಬೇರೆ. ಅದನ್ನು ಬಟ್ಟಿ ಇಳಿಸುವುದಿಲ್ಲ. ದ್ರಾಕ್ಷಿಯೊಳಗಿನ ಸಕ್ಕರೆಯನ್ನೇ ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ವಿಸ್ಕಿಯಲ್ಲಿ ಆಲ್ಕೋಹಾಲ್ ಶೇ 42.8 ಇದ್ದರೆ ವೈನಿನಲ್ಲಿ ಸಾಮಾನ್ಯವಾಗಿ ಶೇ 12ರಿಂದ 14. ಹಾಗಾಗಿ ಇದಕ್ಕೆ ಸೋಡಾ, ನೀರು, ಐಸು ಯಾವುದೂ ಬೇಡ. ಪೆಗ್ ಲೆಕ್ಕವೂ ಇಲ್ಲ.

ದ್ರಾಕ್ಷಿಗೆ ನೀರು ನಿಲ್ಲದ ನೆಲ ಬೇಕು, ಹಣ್ಣಾಗುವ ಹೊತ್ತಿಗೆ ಒಣ ಹವೆ ಬೇಕು. ನಾಲೆ ಬಯಲಿನ ಗದ್ದೆಗಿಂತ ನಂದಿಬೆಟ್ಟದ ತಪ್ಪಲು, ವಿಜಯಪುರ, ಬಾಗಲಕೋಟೆಯ ಒಣಭೂಮಿ ಅದಕ್ಕೆ ಒಗ್ಗಿತು. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ವೈನ್‌ಯಾರ್ಡ್ಸ್ 1988ರಲ್ಲಿ ಶುರುವಾಯಿತು, ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಮಂಡ್ಯಕ್ಕೆ ಹತ್ತಿರದ್ದೆಂದರೆ ಚನ್ನಪಟ್ಟಣ ತಾಲ್ಲೂಕಿನ ಹೆರಿಟೇಜ್ ವೈನರಿ. ಅಲ್ಲಿ ಬಂದವರಿಗೆ ವೈನ್ ತಯಾರಾಗುವ ಬಗೆ ತೋರಿಸಿ, ಒಂದೊಂದು ಗುಟುಕು ರುಚಿ ನೋಡಲು ಕೊಡುತ್ತಾರೆ.

ಅಂಥ ಕಡೆ ಮೊದಲು ತಿಳಿಯುವ ಸಂಗತಿ ಸಿಪ್ಪೆಯದು. ಕೆಂಪು ವೈನಿನ ಬಣ್ಣ ಬರುವುದು ಸಿಪ್ಪೆಯಿಂದ. ರಸವನ್ನು ಸಿಪ್ಪೆಯ ಜೊತೆಗೇ ಹುದುಗಲು ಬಿಡುತ್ತಾರೆ. ಬಿಳಿ ವೈನಿಗೆ ಹಣ್ಣು ಹಿಂಡಿ ಸಿಪ್ಪೆ ಬೇರ್ಪಡಿಸುತ್ತಾರೆ. ಸಿಪ್ಪೆ, ಬೀಜಗಳಿಂದಲೇ ಟ್ಯಾನಿನ್ ಬರುವುದು, ಹಸಿ ಬಾಳೆಕಾಯಿ ಕಚ್ಚಿದಂತೆ ನಾಲಿಗೆ ಹಿಡಿಯುವ ಒಗರು. ಹುಳಿ, ಸಿಹಿ, ಒಗರು, ಆಲ್ಕೋಹಾಲಿನ ಬಿಸಿ, ಈ ನಾಲ್ಕನ್ನು ಬಾಯಲ್ಲಿ ಗುರುತಿಸಿಕೊಂಡರೆ ಆಯ್ಕೆಯ ಮುಕ್ಕಾಲು ಕೆಲಸ ಮುಗಿಯಿತು. ಉಳಿದದ್ದನ್ನು ಎಲೆಯ ಮೇಲಿರುವ ಅಡುಗೆ ಹೇಳುತ್ತದೆ.

ಹೊಸ ಹೆದ್ದಾರಿ ಬಿಟ್ಟು ಹಳೇ ರಸ್ತೆಗೆ ಇಳಿದರೆ ಮದ್ದೂರು. ಇಲ್ಲಿನ ವಡೆ 1917ರ ಸುಮಾರಿಗೆ ರೈಲು ನಿಲ್ದಾಣದಲ್ಲಿ ಹುಟ್ಟಿದ್ದು ಎನ್ನುತ್ತಾರೆ. ಅಕ್ಕಿ ಹಿಟ್ಟು, ಚಿರೋಟಿ ರವೆ, ಮೈದಾ, ಧಾರಾಳ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಕಲಸಿ ಎಣ್ಣೆಯಲ್ಲಿ ಗರಿಗರಿ ಕರಿದದ್ದು. ಎಣ್ಣೆಯ ಜಿಡ್ಡನ್ನು ಹುಳಿ ಕತ್ತರಿಸುತ್ತದೆ. ಆದ್ದರಿಂದ ಕರಿದ ತಿಂಡಿಗೆ ತಣ್ಣಗಿನ, ಹುಳಿ ಮುಂದಿರುವ ಬಿಳಿ ವೈನ್ ಸರಿ: ಸಾವಿನ್ಯೋ ಬ್ಲಾಂಕ್ ಅಥವಾ ಶೆನಿನ್ ಬ್ಲಾಂಕ್. ನೊರೆ ಏಳುವ ಸ್ಪಾರ್ಕ್ಲಿಂಗ್ ಆದರೂ ನಡೆದೀತು.

ಮಳವಳ್ಳಿ ಕಡೆಯ ಮುದ್ದೆ, ನಾಟಿ ಕೋಳಿ ಸಾರಿನ ಮುಂದೆ ಬಹಳ ಮಂದಿ ಎಡವುತ್ತಾರೆ. ಮಾಂಸ ಎಂದರೆ ಕೆಂಪು ವೈನ್ ಎಂಬ ಒಂದೇ ಸೂತ್ರ ಹಿಡಿದು ಒಗರು ಜಾಸ್ತಿಯ ಕ್ಯಾಬರ್ನೆ ತಂದಿಡುತ್ತಾರೆ. ಒಗರೂ ಆಲ್ಕೋಹಾಲೂ ಸೇರಿ ಸಾರಿನ ಖಾರವನ್ನು ಇನ್ನಷ್ಟು ಉರಿಸುತ್ತವೆ. ಮುದ್ದೆಯದೇನೂ ತಕರಾರಿಲ್ಲ, ನೋಡಬೇಕಾದ್ದು ಸಾರನ್ನು. ಖಾರಕ್ಕೆ ತುಸು ಸಿಹಿ ಉಳಿದಿರುವ ಶೆನಿನ್ ಬ್ಲಾಂಕ್ ಅಥವಾ ತಣ್ಣಗಿನ, ಗುಲಾಬಿ ಬಣ್ಣದ ರೋಜೆ ಹಿತ.

ಹಾಗೆಂದು ಕ್ಯಾಬರ್ನೆಗೆ ಇಲ್ಲಿ ಜಾಗವಿಲ್ಲ ಎಂದಲ್ಲ. ಹೆಸರಾಂತ ಬಂಡೂರು ಕುರಿಯ ಊರು ಬಂಡೂರು ಇದೇ ಮಳವಳ್ಳಿ ತಾಲ್ಲೂಕಿನದು. ಗಿಡ್ಡ ಕಾಲಿನ ಈ ಕುರಿಯ ಮಾಂಸ ಮೆತ್ತಗೆ, ಕೊಬ್ಬು ಒಳಗೇ ಹರಡಿರುತ್ತದೆ. ಖಾರ ಕಡಿಮೆ ಮಾಡಿ, ಉಪ್ಪು, ಕಾಳುಮೆಣಸು ಹಾಕಿ ಸುಟ್ಟರೆ ಆ ಕೊಬ್ಬು ಟ್ಯಾನಿನ್ನಿನ ಒಗರನ್ನು ತಗ್ಗಿಸುತ್ತದೆ. ಕ್ಯಾಬರ್ನೆ, ಶಿರಾಜ್ ಎರಡೂ ಅಲ್ಲಿ ಸೊಗಸು.

ಸಿಹಿಗೆ ಒಂದು ನಿಯಮ: ವೈನ್ ತಿನಿಸಿಗಿಂತ ಸಿಹಿಯಾಗಿರಬೇಕು. ಇಲ್ಲವಾದರೆ ಮಂಡ್ಯದ ಬೆಲ್ಲದ ಹೋಳಿಗೆ ಪಕ್ಕ ಸಿಹಿಯಿಲ್ಲದ ಒಳ್ಳೆಯ ಡ್ರೈ ವೈನೂ ಹುಳಿ ನೀರಿನಂತಾಗುತ್ತದೆ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡುವ ಸಿಹಿ ಪೋರ್ಟ್ ವೈನನ್ನು ಅಂಥ ಹೊತ್ತಿಗೆ ಎತ್ತಿಡು. ಊಟದ ನಡುವೆ ಅದು ಬೇಡ.

ಇನ್ನು ಕೊಳ್ಳುವ ಮಾತು. ಲೇಬಲ್ ಮೇಲಿನ ಇಸವಿ ದ್ರಾಕ್ಷಿ ಕೊಯ್ದ ವರ್ಷ. ಹಳೆಯದಾದಷ್ಟೂ ಒಳ್ಳೆಯದು ಎನ್ನುವುದು ಕೆಲವೇ ವೈನುಗಳಿಗೆ ಹೊಂದುವ ಮಾತು. ಸಾಮಾನ್ಯ ಬಿಳಿ ವೈನನ್ನು ಒಂದೆರಡು ವರ್ಷದೊಳಗೆ ಕುಡಿದು ಮುಗಿಸಬೇಕು. ಅಂಗಡಿಯ ಕಿಟಕಿಯಲ್ಲಿ ಬಿಸಿಲಿಗೆ ನಿಂತ ಬಾಟಲಿ ಬೇಡ, ಒಳಗೆ ತಂಪಿನಲ್ಲಿಟ್ಟದ್ದನ್ನು ಕೇಳು. ಕಾರ್ಕ್ ಇದ್ದರೆ ಮನೆಯಲ್ಲಿ ಮಲಗಿಸಿಡು, ತಿರುಗಿಸುವ ಮುಚ್ಚಳವಿದ್ದರೆ ನಿಲ್ಲಿಸಿದರೂ ತೊಂದರೆಯಿಲ್ಲ.

ಕೊಡುವಾಗ ಎಲ್ಲಕ್ಕಿಂತ ಮುಖ್ಯ ತಂಪು. ಕೆಂಪು ವೈನನ್ನು ಕೋಣೆಯ ತಾಪದಲ್ಲಿ ಕೊಡಬೇಕೆಂಬ ಮಾತು ಯುರೋಪಿನ ತಣ್ಣನೆಯ ಮನೆಗಳದು, ಅಂದರೆ 15ರಿಂದ 18 ಡಿಗ್ರಿ. ಬೇಸಿಗೆಯಲ್ಲಿ 30 ದಾಟುವ ಊರಲ್ಲಿ ಕೆಂಪನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು. ಬಿಳಿಯದು ಎರಡು ಗಂಟೆ ಇದ್ದರೆ 8ರಿಂದ 12 ಡಿಗ್ರಿಗೆ ಬರುತ್ತದೆ. ಮೊದಲು ನಿನ್ನ ಲೋಟಕ್ಕೆ ತುಸು ಬಗ್ಗಿಸಿ ಮೂಸಿ ನೋಡು. ಒದ್ದೆ ರಟ್ಟಿನ ವಾಸನೆ ಬಂದರೆ ಆ ಬಾಟಲಿ ಕೆಟ್ಟಿದೆ. ಲೋಟ ಮೂರನೇ ಒಂದು ಭಾಗ ತುಂಬಿದರೆ ಸಾಕು, ಪರಿಮಳಕ್ಕೆ ಜಾಗ ಬೇಕು. 750 ಎಂ.ಎಲ್. ಬಾಟಲಿಯಲ್ಲಿ ಐದು ಲೋಟ ಬರುತ್ತದೆ. ಉಳಿದದ್ದನ್ನು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನಕ್ಕೆ ಮೋಸವಿಲ್ಲ.

ಕುಡಿಯದವರನ್ನು ಪೆಪ್ಸಿ ಕೊಟ್ಟು ಮೂಲೆಗೆ ಕೂರಿಸಬೇಡ. ಮದ್ದೂರು ಮಾರುಕಟ್ಟೆಯಿಂದ ಲಾರಿಗಟ್ಟಲೆ ಎಳನೀರು ದೂರದೂರಿಗೆ ಹೋಗುತ್ತದೆ. ಅವರಿಗೂ ಅಮ್ಮನಿಗೂ ಅದನ್ನೇ ತಣ್ಣಗೆ ಮಾಡಿ, ಅದೇ ಚೆಂದದ ಲೋಟದಲ್ಲಿ ಕೊಡು.

ನಿನ್ನ ಮೆನುವಿನಲ್ಲಿ ಬೋಂಡ, ಕೋಳಿ ಸಾರು ಎರಡೂ ಇರುವುದರಿಂದ ಎರಡು ಶೆನಿನ್ ಬ್ಲಾಂಕ್, ಒಂದು ರೋಜೆ ಸಾಕು. ದುಬಾರಿ ಕೆಂಪಿಗೆ ದುಡ್ಡು ಸುರಿಯಬೇಡ. ಕೊನೆಗೊಂದು ಎಚ್ಚರಿಕೆ: ರಕ್ತದ 100 ಎಂ.ಎಲ್.ಗೆ 30 ಮಿಲಿಗ್ರಾಂ ಮೀರಿ ಆಲ್ಕೋಹಾಲ್ ಇದ್ದವರು ಗಾಡಿ ಓಡಿಸುವುದು ಅಪರಾಧ. ಕುಡಿದವರ ಕೀಲಿ ತೆಗೆದಿಟ್ಟುಕೊಂಡು ಆಟೋ ಹತ್ತಿಸಿಯೇ ಕಳಿಸು.

ಇಂತಿ ನಿನ್ನ
ಅಕ್ಕ