ಇನ್ನೊಂದೇ ಒಂದು ಆಟ...

ಆನ್‌ಲೈನಲ್ಲಿ ಚೆಸ್ ಆಡೋರ ಬಾಯಲ್ಲಿ ದಿನಾ ಬರೋ ಸುಳ್ಳು ಯಾವುದು ಗೊತ್ತಾ? "ಇನ್ನೊಂದೇ ಒಂದು ಆಟ, ಆಮೇಲೆ ಮಲಗ್ತೀನಿ." ನಾನೂ ಇದೇ ಜಾತಿಯವನು ಬಿಡಿ. ಆಫೀಸು, ಟ್ರಾಫಿಕ್ಕು, ಊಟ ಎಲ್ಲಾ ಮುಗಿದ ಮೇಲೆ ಲಿಚೆಸ್ ತೆರೆದರೆ ಮೂರು ನಿಮಿಷದ ಆಟ ಶುರು. ಎದುರಿಗೆ ಯಾವ ದೇಶದವನೋ, ಯಾವ ವಯಸ್ಸಿನವನೋ ದೇವರಿಗೇ ಗೊತ್ತು.

ಮೂರು ನಿಮಿಷ ಅಂದರೆ ಒಬ್ಬೊಬ್ಬರಿಗೆ 180 ಸೆಕೆಂಡು. ನಲವತ್ತು ನಡೆಯ ಆಟ ಅಂತಿಟ್ಕೊಳ್ಳಿ, ಒಂದು ನಡೆಗೆ ನಾಲ್ಕೂವರೆ ಸೆಕೆಂಡು. ಇಷ್ಟರಲ್ಲಿ ಯೋಚನೆ ಮಾಡೋದು ಎಲ್ಲಿಂದ ಬಂತು? ಕೈಗೆ ರೂಢಿಯಾಗಿದ್ದೇ ಬೋರ್ಡಿನ ಮೇಲೆ ಬೀಳುತ್ತೆ. ಬಿಳಿ ಕಾಯಿ ಬಂದರೆ ನಂದು ಲಂಡನ್ ಸಿಸ್ಟಮ್. ಎಂಟು ಹತ್ತು ನಡೆ ಚಕಚಕ ಅಂತ ಆಗಿಹೋಗುತ್ತೆ. ನಡುವೆ ಎಲ್ಲೋ ಒಂದು ಕಡೆ ಕುದುರೆ ಹೊಡೀಲೋ ಬೇಡವೋ ಅಂತ ಇಪ್ಪತ್ತು ಸೆಕೆಂಡು ಖರ್ಚು. ಕೊನೆಗೆ ನನ್ನ ಹತ್ರ ಒಂದು ಆನೆ ಹೆಚ್ಚಿಗೆ ಇರುತ್ತೆ, ಗಡಿಯಾರದಲ್ಲಿ ಮಾತ್ರ ಸೊನ್ನೆ!

ಇದಕ್ಕೆ ಮದ್ದು ಬಾಬಿ ಫಿಶರ್ 1989ರಲ್ಲಿ ಪೇಟೆಂಟ್ ಪಡೆದ ಗಡಿಯಾರದಲ್ಲಿದೆ. ಪ್ರತಿ ನಡೆಗೂ ಒಂದಿಷ್ಟು ಸೆಕೆಂಡು ವಾಪಸ್ ಸಿಗುತ್ತೆ. ಮೂರು ನಿಮಿಷದ ಜೊತೆ ನಡೆಗೆ ಎರಡು ಸೆಕೆಂಡು ಇಟ್ಟುಕೊಂಡರೆ ನಲವತ್ತು ನಡೆಗೆ 80 ಸೆಕೆಂಡು ಲಾಭ. ಹೆಚ್ಚಿಗೆ ಇರೋ ಆನೆಗೂ ಆಗ ಬೆಲೆ ಬರುತ್ತೆ. ನಾನೀಗ ಇದನ್ನೇ ಆಡೋದು.

ಆದರೂ ನಿದ್ದೆ ಕೆಡಿಸೋದು ಗಡಿಯಾರ ಅಲ್ಲ ಕಣ್ರೀ, ರೇಟಿಂಗು. ಕಂಪ್ಯೂಟರು ನಮಗೆ ಜೋಡಿ ಹುಡುಕೋದೇ ನಮ್ಮ ಸರಿಸಮಾನರನ್ನ. ಗೆದ್ದರೆ ಅಂಕ ಏರುತ್ತೆ, ಮುಂದೆ ಸಿಗೋನೂ ಗಟ್ಟಿಗನಾಗ್ತಾನೆ. ಸೋತರೆ ಇಳಿಯುತ್ತೆ, ಸಿಗೋನೂ ಸ್ವಲ್ಪ ಸದರವಾಗ್ತಾನೆ. ಹಾಗಾಗಿ ಎಷ್ಟೇ ಕಲಿತರೂ ಹೆಚ್ಚುಕಡಿಮೆ ಅರ್ಧ ಆಟ ಸೋಲಲೇಬೇಕು. ಸೋತಾಗ "ಹೋದ ಅಂಕ ವಾಪಸ್ ಬರಲಿ" ಅನ್ಸುತ್ತೆ, ಗೆದ್ದಾಗ "ಇವತ್ತು ಕೈ ಚೆನ್ನಾಗಿದೆ" ಅನ್ಸುತ್ತೆ. ಎರಡರ ಉತ್ತರವೂ ಇನ್ನೊಂದು ಆಟ! ಗೆದ್ದು ಎದ್ದೇಳ್ತೀನಿ ಅಂತ ಕೂತವನಿಗೆ ರಾತ್ರಿ ಒಂದು ಗಂಟೆ ಆಗೋದು ಹೀಗೆ. ಅದಕ್ಕೇ ನನ್ನ ಲೆಕ್ಕ ಈಗ ಫಲಿತಾಂಶದ್ದಲ್ಲ, ಎಣಿಕೆಯದ್ದು. ದಿನಕ್ಕೆ ಐದು ಆಟ. ಐದನೇದು ಗೆಲ್ಲಲಿ, ಸೋಲಲಿ, ಅಲ್ಲಿಗೆ ಮುಗೀತು.

ವಿಶ್ವನಾಥನ್ ಆನಂದ್ 2017ರಲ್ಲಿ ರಿಯಾದ್‌ನಲ್ಲಿ ವಿಶ್ವ ರ‍್ಯಾಪಿಡ್ ಚಾಂಪಿಯನ್ ಆದಾಗ ಅವರಿಗೆ 48 ವರ್ಷ. ಅವರ ಆಟಕ್ಕೆ ಹದಿನೈದು ನಿಮಿಷ ಇತ್ತು, ನಮ್ಮಷ್ಟು ಗಡಿಬಿಡಿ ಇಲ್ಲ, ಒಪ್ಪಿದೆ. ಆದರೂ ಎದುರಿಗಿದ್ದ ಎಷ್ಟೋ ಜನ ಅವರ ಅರ್ಧ ವಯಸ್ಸಿನ ಹುಡುಗರು. ಆ ವೇಗ ಬರೀ ಬೆರಳಿನದಲ್ಲ, ದಶಕಗಳ ಕಾಲ ನಿಧಾನವಾಗಿ ಕೂತು ನೋಡಿದ್ದರ ಗಂಟು ಅದು. ಬೇಗ ಆಡಿ ಆಡಿ ಬೇಗ ಕಲಿಯೋಕಾಗಲ್ಲ.

ಅದಕ್ಕೇ ಐದು ಆಟ ಮುಗಿದ ಮೇಲೆ ಸೋತಿದ್ದನ್ನೊಂದು ಗಡಿಯಾರ ಇಲ್ಲದೆ ತೆಗೆದು ನೋಡ್ತೀನಿ. ಮೊದಲು ನನ್ನದೇ ಕಣ್ಣಲ್ಲಿ, ಆಮೇಲೆ ಎಂಜಿನ್ ಹಾಕಿ. ಹೆಚ್ಚಿನ ಸಲ ದೊಡ್ಡ ತಂತ್ರವೇನೂ ಇರಲ್ಲ, ಒಂಟೆಗೆ ಕಾವಲು ಇರಲಿಲ್ಲ ಅಷ್ಟೇ. ಅದಿಷ್ಟನ್ನ ಕೈಗೆ ರೂಢಿ ಮಾಡಿಸಿದರೆ ನಾಳೆಯ ನಾಲ್ಕೂವರೆ ಸೆಕೆಂಡಿಗೆ ಒಂದು ಹೊಸ ನಡೆ ಸಿಕ್ಕ ಹಾಗೆ.

ನಿಮ್ಮದು ಎಷ್ಟು ನಿಮಿಷದ ಆಟ? ಎಷ್ಟು ಗಂಟೆಗೆ ಏಳ್ತೀರಿ?